ಅಧಿಕ ರಕ್ತದೊತ್ತಡವೂ ಅಡ್ರಿನಲ್ ಗ್ರಂಥಿಯೂ : ನಾವು ಕೇಳದೆ ಬಿಟ್ಟ ಒಂದು ಪ್ರಶ್ನೆ

ಥಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಗಳ ಕನ್ನಡ ಸಂಘಗಳ ವಾರ್ಷಿಕ ಕಾರ್ಯಕಲಾಪಗಳಲ್ಲಿ ಯಕ್ಷಗಾನ, ಅರಸಿನ-ಕುಂಕುಮ, ಮಕ್ಕಳ ಸ್ಪರ್ಧೆಗಳಿಗೆ ಇರುವಷ್ಟೇ ಖಾಯಂ ಆದ ಸ್ಥಾನವು ಆರೋಗ್ಯ ತಪಾಸಣಾ ಶಿಬಿರಕ್ಕೂ ದೊರೆತಿರುವುದು ಸಂತೋಷದ ಸಂಗತಿ. ಶಿಬಿರದಲ್ಲಿ ನಡೆಯುವುದೇನೆಂಬುದು ವಾಚಕರಿಗೆಲ್ಲ ತಿಳಿದದ್ದೇ. ತೋಳಿಗೆ ಪಟ್ಟಿ ಸುತ್ತುತ್ತಾರೆ, ಗಾಳಿ ತುಂಬುತ್ತಾರೆ, ಚೀಟಿಯಲ್ಲಿ ಎರಡು ಅಂಕೆಗಳನ್ನು ಬರೆದುಕೊಡುತ್ತಾರೆ. "ಸ್ವಲ್ಪ ಜಾಸ್ತಿಯೇ ಇದೆ, ಉಪ್ಪು ಕಡಿಮೆ ಮಾಡಿ, ನಿಮ್ಮ ಡಾಕ್ಟರರನ್ನು ಕಾಣಿರಿ" ಎಂಬ ಹಿತವಚನದೊಡನೆ ಮುಂದಿನವರಿಗೆ ಸರದಿ ಬರುತ್ತದೆ. ಡಾಕ್ಟರರು ಮಾತ್ರೆ ಬರೆಯುತ್ತಾರೆ. ವರುಷ ಕಳೆದ ಮೇಲೆ ಒಂದು ಮಾತ್ರೆ ಎರಡಾಗುತ್ತದೆ, ಎರಡು ಮೂರಾಗುತ್ತದೆ. ಇಷ್ಟರ ನಡುವೆ ಯಾರೂ ಕೇಳದೆ ಉಳಿಯುವ ಪ್ರಶ್ನೆಯೊಂದಿದೆ: ಈ ಒತ್ತಡ ಏಕೆ ಏರಿತು?

"ವಯಸ್ಸಾಯಿತು", "ಚಿಂತೆ ಹೆಚ್ಚು", "ಮುಂಬಯಿಯ ಜೀವನವೇ ಹೀಗೆ", "ಅಪ್ಪನಿಗೂ ಇತ್ತು" ಎಂಬ ಉತ್ತರಗಳು ನಮ್ಮ ನಾಲಗೆಯ ತುದಿಯಲ್ಲೇ ಇವೆ. ಇವು ಸುಳ್ಳೆಂದು ಹೇಳಲಾಗದು. ಬಹುಪಾಲು ಜನರಲ್ಲಿ ರಕ್ತದೊತ್ತಡಕ್ಕೆ ಒಂದೇ ಕಾರಣವನ್ನು ಬೆರಳಿಟ್ಟು ತೋರಿಸುವುದು ಸಾಧ್ಯವಿಲ್ಲ. ಆದರೆ ಒಂದು ಗಣನೀಯ ಪಾಲಿನವರಲ್ಲಿ ಬೆರಳಿಟ್ಟು ತೋರಿಸಬಹುದಾದ ಕಾರಣವೊಂದುಂಟು. ಅದು ಮೂತ್ರಪಿಂಡಗಳ ನೆತ್ತಿಯ ಮೇಲೆ ಟೋಪಿಯಂತೆ ಕುಳಿತಿರುವ ಅಡ್ರಿನಲ್ ಗ್ರಂಥಿಗಳಲ್ಲಿದೆ. ಅದನ್ನು ಒಮ್ಮೆಯಾದರೂ ಹುಡುಕಿ ನೋಡಬೇಕು, ಹುಡುಕುವಂತೆ ವೈದ್ಯರನ್ನು ಕೇಳುವ ತಿಳಿವಳಿಕೆ ನಮ್ಮ ಜನರಲ್ಲಿ ಮೂಡಬೇಕು, ಆ ಕೆಲಸದಲ್ಲಿ ನಮ್ಮ ಸಂಘಗಳು ಮುಂದಾಗಬೇಕು ಎಂಬುದು ಈ ಲೇಖನದ ವಾದ.

ಗ್ರಂಥಿಯ ಕೆಲಸವೇನು?

ಅಡ್ರಿನಲ್ ಗ್ರಂಥಿಗಳು ಎರಡು; ಒಂದೊಂದರ ತೂಕ ಸುಮಾರು ನಾಲ್ಕೈದು ಗ್ರಾಂ ಮಾತ್ರ. ಗಾತ್ರದಲ್ಲಿ ಅಲ್ಪವಾದರೂ ಅಧಿಕಾರದಲ್ಲಿ ಅಲ್ಪವಲ್ಲ. ಇವು ನಿರ್ನಾಳ ಗ್ರಂಥಿಗಳ ಗುಂಪಿಗೆ ಸೇರಿದವು. ಅಂದರೆ ತಮ್ಮ ರಸವನ್ನು ನಾಳದ ಮೂಲಕವಲ್ಲದೆ ನೇರವಾಗಿ ರಕ್ತಕ್ಕೇ ಸುರಿಯುವಂಥವು. ಹೊರಪದರವು ಆಲ್ಡೊಸ್ಟಿರೋನ್, ಕಾರ್ಟಿಸಾಲ್ ಮೊದಲಾದ ಹಾರ್ಮೋನುಗಳನ್ನು ತಯಾರಿಸಿದರೆ, ಒಳತಿರುಳು ಅಡ್ರಿನಲಿನ್ ಮತ್ತು ಅದರ ಸೋದರ ಹಾರ್ಮೋನನ್ನು ತಯಾರಿಸುತ್ತದೆ. ಇವುಗಳಲ್ಲಿ ಯಾವುದು ಮಿತಿಮೀರಿದರೂ ರಕ್ತದೊತ್ತಡ ಏರುವುದು.

ನಮ್ಮ ವಿಷಯಕ್ಕೆ ಮುಖ್ಯವಾದುದು ಆಲ್ಡೊಸ್ಟಿರೋನ್. ಸಿಲ್ವಿಯಾ ಸಿಂಪ್ಸನ್ ಮತ್ತು ಜೇಮ್ಸ್ ಟೇಟ್ ಎಂಬ ವಿಜ್ಞಾನಿಗಳು ಲಂಡನ್ನಿನಲ್ಲಿ ನಡೆಸಿದ ಸಂಶೋಧನೆಯಿಂದ 1953ರ ವೇಳೆಗೆ ಈ ಹಾರ್ಮೋನು ಬೆಳಕಿಗೆ ಬಂದಿತು. ಇದು ದೇಹದ ಉಪ್ಪಿನ ಉಗ್ರಾಣಿ. ರಕ್ತದ ಪ್ರಮಾಣ ಇಳಿದಾಗ, ಅಥವಾ ದೇಹದಲ್ಲಿ ಉಪ್ಪು ಸಾಲದಾದಾಗ, ಮೂತ್ರಪಿಂಡವು ರೆನಿನ್ ಎಂಬ ವಸ್ತುವನ್ನು ಹೊರಬಿಡುತ್ತದೆ. ರೆನಿನ್ನಿನ ಕರೆ ಒಂದೆರಡು ಮೆಟ್ಟಲು ದಾಟಿ ಅಡ್ರಿನಲ್ ಗ್ರಂಥಿಯನ್ನು ಮುಟ್ಟಿದಾಗ ಆಲ್ಡೊಸ್ಟಿರೋನ್ ಹೊರಡುತ್ತದೆ. ಅದು ಮೂತ್ರಪಿಂಡಕ್ಕೆ "ಸೋಡಿಯಂ ಹಿಡಿದಿಡು, ಪೊಟ್ಯಾಸಿಯಂ ಹೊರಕ್ಕೆ ಬಿಡು" ಎಂದು ಆಜ್ಞಾಪಿಸುತ್ತದೆ. ಸೋಡಿಯಂ ನಿಂತಲ್ಲಿ ನೀರೂ ನಿಲ್ಲುತ್ತದೆ, ಒತ್ತಡ ಸರಿಹೋಗುತ್ತದೆ, ರೆನಿನ್ ತಣ್ಣಗಾಗುತ್ತದೆ. ಉಪ್ಪು ದುರ್ಲಭವಾಗಿದ್ದ ಕಾಲದಲ್ಲಿ ಮನುಷ್ಯನನ್ನು ಬದುಕಿಸಿದ ವ್ಯವಸ್ಥೆ ಇದು.

ಕೆಲವರಲ್ಲಿ ಈ ಗ್ರಂಥಿಯು ಯಾರ ಕರೆಗೂ ಕಾಯದೆ, ತನ್ನಷ್ಟಕ್ಕೆ ತಾನೇ ಆಲ್ಡೊಸ್ಟಿರೋನನ್ನು ಸುರಿಸತೊಡಗುತ್ತದೆ. ರೆನಿನ್ ಕುಸಿದು ಹೋಗಿದ್ದರೂ ಅದು ನಿಲ್ಲುವುದಿಲ್ಲ. ತಿಂದ ಉಪ್ಪೆಲ್ಲ ದೇಹದಲ್ಲೇ ಉಳಿಯುತ್ತದೆ. ಒತ್ತಡ ಏರುತ್ತಲೇ ಹೋಗುತ್ತದೆ. ಇದನ್ನು ಪ್ರಾಥಮಿಕ ಆಲ್ಡೊಸ್ಟಿರೋನಿಸಂ ಎನ್ನುತ್ತಾರೆ. ಕಾನ್ ರೋಗವೆಂಬ ಹೆಸರೂ ಉಂಟು. ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ಡಾ. ಜೆರೋಮ್ ಕಾನ್ ಅವರು 1954ರಲ್ಲಿ 34 ವಯಸ್ಸಿನ ಮಹಿಳೆಯೊಬ್ಬರಲ್ಲಿ ಇದನ್ನು ಮೊದಲು ಗುರುತಿಸಿದರು. ಆಕೆಗೆ ಅಧಿಕ ರಕ್ತದೊತ್ತಡ, ಸ್ನಾಯುಗಳ ನಿಶ್ಶಕ್ತಿ, ಸೆಡೆತ; ರಕ್ತದಲ್ಲಿ ಪೊಟ್ಯಾಸಿಯಂ ತೀರ ಕಡಿಮೆ. ಶಸ್ತ್ರಚಿಕಿತ್ಸೆಯಲ್ಲಿ ಅಡ್ರಿನಲ್ ಗ್ರಂಥಿಯಲ್ಲಿ ಗಡ್ಡೆ ಸಿಕ್ಕಿತು. ಅದನ್ನು ತೆಗೆದೊಡನೆ ಆಕೆ ಚೇತರಿಸಿಕೊಂಡರು.

ಅಪರೂಪವೆಂಬ ಭ್ರಮೆ

ಕಾನ್ ಅವರು 1960ರ ದಶಕದಲ್ಲೇ, ರಕ್ತದೊತ್ತಡವುಳ್ಳವರಲ್ಲಿ ಶೇಕಡಾ 20ರಷ್ಟು ಜನರಿಗೆ ಈ ದೋಷವಿರಬಹುದೆಂದು ಊಹಿಸಿದ್ದರು. ವೈದ್ಯಲೋಕ ಅದನ್ನು ನಂಬಲಿಲ್ಲ. ಪಠ್ಯಪುಸ್ತಕಗಳು ಬಹುಕಾಲ ಶೇಕಡಾ ಒಂದೆಂದೇ ಬರೆದವು. ಕಾರಣವೂ ಸ್ಪಷ್ಟವೇ: ರಕ್ತದಲ್ಲಿ ಪೊಟ್ಯಾಸಿಯಂ ಇಳಿದವರನ್ನು ಮಾತ್ರ ಪರೀಕ್ಷಿಸುವ ರೂಢಿ ಬೆಳೆಯಿತು. ಬಾವಿಯ ಒಂದೇ ಮೂಲೆಗೆ ಕೊಡ ಬಿಟ್ಟು "ನೀರೇ ಇಲ್ಲ" ಎಂದಂತಾಯಿತು.

1981ರಲ್ಲಿ ಜಪಾನಿನ ವೈದ್ಯರು ಆಲ್ಡೊಸ್ಟಿರೋನನ್ನು ರೆನಿನ್ನಿನಿಂದ ಭಾಗಿಸಿ ನೋಡುವ ಸರಳ ಉಪಾಯವನ್ನು ಪ್ರಕಟಿಸಿದರು. ಒಂದು ಏರಿ ಇನ್ನೊಂದು ಕುಸಿದಿದ್ದರೆ ಈ ಅನುಪಾತ ಹೆಚ್ಚಾಗಿ ಕಾಣುತ್ತದೆ. ಈ ಪರೀಕ್ಷೆ ಬಳಕೆಗೆ ಬಂದ ಮೇಲೆ ಲೆಕ್ಕವೇ ಬದಲಾಯಿತು. 2006ರಲ್ಲಿ ಪ್ರಕಟವಾದ ಇಟಲಿಯ ಅಧ್ಯಯನವೊಂದರಲ್ಲಿ, ಹೊಸದಾಗಿ ರಕ್ತದೊತ್ತಡ ಪತ್ತೆಯಾಗಿ ವಿಶೇಷ ಕೇಂದ್ರಗಳಿಗೆ ಬಂದ 1,125 ಜನರಲ್ಲಿ ಶೇಕಡಾ 11.2 ಮಂದಿಗೆ ಈ ರೋಗವಿತ್ತು. ಇನ್ನೂ ಮಹತ್ವದ ಸಂಗತಿಯೆಂದರೆ, ಗಡ್ಡೆಯಿದ್ದವರಲ್ಲಿಯೂ ಸುಮಾರು ಅರ್ಧದಷ್ಟು ಜನರಿಗೆ ಪೊಟ್ಯಾಸಿಯಂ ಕಡಿಮೆಯಾಗಿರಲೇ ಇಲ್ಲ. "ದೊಡ್ಡ ಆಸ್ಪತ್ರೆಗೆ ಬಂದವರ ಲೆಕ್ಕ ಹೀಗಿರುವುದು ಸಹಜ" ಎನ್ನುವವರಿಗೆ 2017ರಲ್ಲಿ ಟುರಿನ್ ನಗರದಿಂದ ಉತ್ತರ ಬಂದಿತು. ಅಲ್ಲಿ ಸಾಮಾನ್ಯ ಕುಟುಂಬ ವೈದ್ಯರ ಬಳಿಗೆ ಬರುವ 1,672 ರಕ್ತದೊತ್ತಡದ ರೋಗಿಗಳನ್ನು ಪರೀಕ್ಷಿಸಿದಾಗ ಶೇಕಡಾ 5.9 ಮಂದಿಯಲ್ಲಿ ರೋಗ ಖಚಿತವಾಯಿತು. 2020ರಲ್ಲಿ ಅಮೆರಿಕದ ನಾಲ್ಕು ವೈದ್ಯಕೀಯ ಕೇಂದ್ರಗಳ ಅಧ್ಯಯನವು ಇನ್ನೂ ಮುಂದೆ ಹೋಗಿ, ಒತ್ತಡದ ತೀವ್ರತೆ ಏರಿದಂತೆ ಈ ದೋಷದ ಪ್ರಮಾಣವೂ ಏರುವುದನ್ನೂ, ಹಲವು ಔಷಧಗಳಿಗೆ ಜಗ್ಗದವರಲ್ಲಿ ಅದು ಶೇಕಡಾ 22ನ್ನು ಮುಟ್ಟುವುದನ್ನೂ ತೋರಿಸಿತು. ಕಾನ್ ಅವರ ಊಹೆ ಅಷ್ಟೇನೂ ಅತಿಶಯವಾಗಿರಲಿಲ್ಲ!

ಅಂಕೆಗಳು ಒಂದೊಂದು ಕಡೆ ಒಂದೊಂದು ರೀತಿ ಇರುವುದೇಕೆಂದು ವಾಚಕರು ಕೇಳಬಹುದು. ಯಾರನ್ನು ಪರೀಕ್ಷಿಸಿದರು, ಯಾವ ಮಿತಿಯನ್ನು ಗೆರೆಯೆಂದು ಹಿಡಿದರು ಎಂಬುದರ ಮೇಲೆ ಫಲಿತಾಂಶ ನಿಲ್ಲುತ್ತದೆ. ತೀರ ಎಚ್ಚರದ ಲೆಕ್ಕವನ್ನೇ ಹಿಡಿಯೋಣ. ಟುರಿನ್ನಿನ ಪ್ರಮಾಣವೇ ನಮ್ಮಲ್ಲೂ ಇದ್ದರೆ, ನಮ್ಮ ಸಂಘದ ಶಿಬಿರಗಳಿಗೆ ಬರುವ 200 ಮಂದಿ ರಕ್ತದೊತ್ತಡದವರಲ್ಲಿ ಸುಮಾರು 12 ಮಂದಿಗೆ ಈ ದೋಷವಿರಬೇಕು. ಆ ಹನ್ನೆರಡು ಮಂದಿ ಯಾರೆಂಬುದು ನಮಗೂ ತಿಳಿಯದು, ಅವರಿಗೂ ತಿಳಿಯದು.

ಇದು ನಮ್ಮೊಬ್ಬರ ಕೊರತೆಯಲ್ಲ. ಅಮೆರಿಕದ ನಿವೃತ್ತ ಸೈನಿಕರಲ್ಲಿ ಔಷಧಕ್ಕೆ ಜಗ್ಗದ ರಕ್ತದೊತ್ತಡವುಳ್ಳ ಸುಮಾರು 2,69,000 ಮಂದಿಯ ದಾಖಲೆಗಳನ್ನು ಪರಿಶೀಲಿಸಿದಾಗ, ಈ ಪರೀಕ್ಷೆ ನಡೆದದ್ದು ಶೇಕಡಾ 1.6 ಮಂದಿಗೆ ಮಾತ್ರವೆಂದು ತಿಳಿದುಬಂದಿತು. ಸಂಪನ್ನ ದೇಶದ ಪಾಡೇ ಹೀಗಿರುವಾಗ ನಮ್ಮ ಗಲ್ಲಿಯ ದವಾಖಾನೆಯನ್ನು ದೂರುವುದರಲ್ಲಿ ಅರ್ಥವಿಲ್ಲ.

ಅಡ್ರಿನಲ್ ಗ್ರಂಥಿಯ ಉಳಿದ ಎರಡು ದೋಷಗಳು ನಿಜವಾಗಿಯೂ ವಿರಳ. ಒಳತಿರುಳಿನಲ್ಲಿ ಬೆಳೆಯುವ ಫಿಯೋಕ್ರೊಮೊಸೈಟೋಮ ಎಂಬ ಗಡ್ಡೆ ರಕ್ತದೊತ್ತಡದ ಸಾವಿರ ರೋಗಿಗಳಲ್ಲಿ ಎರಡರಿಂದ ಆರು ಮಂದಿಗೆ ಇರಬಹುದು. ಇದ್ದಕ್ಕಿದ್ದಂತೆ ಎದೆ ಡವಗುಟ್ಟುವುದು, ಬೆವರು, ತಲೆನೋವು — ಇವು ಮೂರೂ ಕೂಡಿ ಅಲೆಯಂತೆ ಬಂದು ಹೋಗುವುದು ಇದರ ಲಕ್ಷಣ. ಇದನ್ನು ಹೆದರಿಕೆಯೆಂದೋ ಗಾಳಿ ಸೋಕಿತೆಂದೋ ತಳ್ಳಿಹಾಕಬಾರದು. ಕಾರ್ಟಿಸಾಲ್ ಮಿತಿಮೀರುವ ಕುಶಿಂಗ್ ರೋಗವೂ ವಿರಳವೇ. ಆದರೆ ನೋವಿಗೆಂದು, ಉಬ್ಬಸಕ್ಕೆಂದು ವೈದ್ಯರ ಸಲಹೆಯಿಲ್ಲದೆ ವರುಷಗಟ್ಟಲೆ ಸ್ಟೀರಾಯ್ಡ್ ಮಾತ್ರೆ ನುಂಗುವವರು ಅದೇ ಸ್ಥಿತಿಯನ್ನು ತಾವಾಗಿ ತಂದುಕೊಳ್ಳುತ್ತಾರೆ. ನಮ್ಮ ಭಜನಾ ಮಂಡಳಿಯವರಿಗೂ ಯಕ್ಷಗಾನ ಕಲಾವಿದರಿಗೂ ಇನ್ನೊಂದು ಮಾತು: ಗಂಟಲಿಗೆ ಹಿತವೆಂದು ಜಗಿಯುವ ಜ್ಯೇಷ್ಠಮಧುವು ಅತಿಯಾದರೆ ದೇಹದಲ್ಲಿ ಆಲ್ಡೊಸ್ಟಿರೋನ್ ಹೆಚ್ಚಿದಂತೆಯೇ ವರ್ತಿಸಿ ಒತ್ತಡವನ್ನು ಏರಿಸಿ ಪೊಟ್ಯಾಸಿಯಂ ಇಳಿಸುತ್ತದೆ. ಸಸ್ಯಮೂಲವೆಂದ ಮಾತ್ರಕ್ಕೆ ಮಿತಿಯಿಲ್ಲವೆಂದು ಅರ್ಥವಲ್ಲ.

ಕಾರಣ ತಿಳಿದರೆ ಲಾಭವೇನು?

"ಹೇಗೂ ಮಾತ್ರೆ ತಿನ್ನುತ್ತಿದ್ದೇವಲ್ಲ, ಕಾರಣ ತಿಳಿದು ಆಗಬೇಕಾದುದೇನು?" ಎಂಬುದು ನ್ಯಾಯವಾದ ಪ್ರಶ್ನೆ. ಇದಕ್ಕೆ ಎರಡು ಉತ್ತರಗಳಿವೆ.

ಮೊದಲನೆಯದು, ಆಲ್ಡೊಸ್ಟಿರೋನ್ ಕೇವಲ ಒತ್ತಡವನ್ನು ಏರಿಸಿ ಸುಮ್ಮನಾಗುವುದಿಲ್ಲ. ಉಪ್ಪಿನೊಡನೆ ಸೇರಿ ಹೃದಯ, ರಕ್ತನಾಳ, ಮೂತ್ರಪಿಂಡಗಳನ್ನು ನೇರವಾಗಿ ಕೆಡಿಸುತ್ತದೆ. 2005ರಲ್ಲಿ ಪ್ರಕಟವಾದ ಪ್ಯಾರಿಸ್ಸಿನ ಅಧ್ಯಯನವೊಂದರಲ್ಲಿ ಈ ರೋಗವಿದ್ದವರನ್ನೂ, ಅಷ್ಟೇ ಒತ್ತಡವಿದ್ದು ಈ ರೋಗವಿಲ್ಲದವರನ್ನೂ ಹೋಲಿಸಿದರು. ಪಾರ್ಶ್ವವಾಯು ಬಡಿದವರ ಪ್ರಮಾಣ ಮೊದಲ ಗುಂಪಿನಲ್ಲಿ ಶೇಕಡಾ 12.9, ಎರಡನೆಯದರಲ್ಲಿ 3.4. ಹೃದಯದ ಬಡಿತ ತಾಳ ತಪ್ಪುವ ರೋಗ ಮೊದಲ ಗುಂಪಿನಲ್ಲಿ ಶೇಕಡಾ 7.3, ಎರಡನೆಯದರಲ್ಲಿ 0.6. ಒತ್ತಡ ಒಂದೇ ಆದರೂ ಹಾನಿ ಒಂದೇ ಅಲ್ಲ.

ಎರಡನೆಯದು, ಕಾರಣಕ್ಕೆ ತಕ್ಕ ಚಿಕಿತ್ಸೆ ಲಭ್ಯವಿದೆ. ದೋಷ ಒಂದೇ ಗ್ರಂಥಿಯಲ್ಲಿದ್ದರೆ ಹೊಟ್ಟೆಯಲ್ಲಿ ಸಣ್ಣ ರಂಧ್ರಗಳನ್ನು ಮಾಡಿ ಆ ಗ್ರಂಥಿಯನ್ನು ತೆಗೆದುಬಿಡಬಹುದು. ಉಳಿದ ಗ್ರಂಥಿಯೊಂದೇ ಜೀವನಕ್ಕೆ ಸಾಕು. ಹಲವು ದೇಶಗಳ 705 ರೋಗಿಗಳ ಫಲಿತಾಂಶವನ್ನು 2017ರಲ್ಲಿ ಕ್ರೋಡೀಕರಿಸಿದಾಗ, ಶಸ್ತ್ರಚಿಕಿತ್ಸೆಯ ನಂತರ ಶೇಕಡಾ 94 ಮಂದಿಯ ಹಾರ್ಮೋನು ದೋಷ ಪೂರ್ತಿ ಸರಿಹೋಗಿತ್ತು. ಶೇಕಡಾ 37 ಮಂದಿಗೆ ರಕ್ತದೊತ್ತಡದ ಮಾತ್ರೆಯೇ ಬೇಕಾಗಲಿಲ್ಲ. ಇನ್ನೂ 47 ಮಂದಿಗೆ ಒತ್ತಡ ಅಥವಾ ಮಾತ್ರೆಗಳ ಸಂಖ್ಯೆ ಇಳಿಯಿತು. ದೋಷ ಎರಡೂ ಗ್ರಂಥಿಗಳಲ್ಲಿದ್ದರೆ ಶಸ್ತ್ರಚಿಕಿತ್ಸೆ ಬೇಡ. ಆಲ್ಡೊಸ್ಟಿರೋನಿನ ಕೆಲಸವನ್ನೇ ತಡೆಯುವ ಸ್ಪೈರೊನೊಲ್ಯಾಕ್ಟೋನ್ ಎಂಬ ಹಳೆಯ ಮಾತ್ರೆಯಿದೆ. ಗಂಡಸರಲ್ಲಿ ಎದೆ ಉಬ್ಬುವುದು, ಪೊಟ್ಯಾಸಿಯಂ ಮಿತಿಮೀರುವುದು ಇದರ ದೋಷಗಳು. ಮೂತ್ರಪಿಂಡ ದುರ್ಬಲವಾದವರಲ್ಲಿ ವಿಶೇಷ ಎಚ್ಚರ ಬೇಕು. ಆದುದರಿಂದ ನೆರೆಮನೆಯವರ ಡಬ್ಬಿಯಿಂದ ಎತ್ತಿ ನುಂಗುವ ಮಾತ್ರೆ ಇದಲ್ಲ.

ಈ ಸಂದರ್ಭದಲ್ಲಿ ನಮ್ಮ ಮುಂಬಯಿಯ ಹೆಮ್ಮೆಯೊಂದನ್ನು ನೆನೆಯುವುದು ಉಚಿತ. ರಕ್ತದೊತ್ತಡಕ್ಕೆ ನೆಚ್ಚಬಹುದಾದ ಮದ್ದೇ ಇಲ್ಲದಿದ್ದ ಕಾಲದಲ್ಲಿ, ಈ ನಗರದ ಡಾ. ರುಸ್ತಮ್ ಜಾಲ್ ವಕೀಲರು ಸರ್ಪಗಂಧಿಯ ಬೇರಿನ ಗುಣವನ್ನು ರೋಗಿಗಳಲ್ಲಿ ಪರೀಕ್ಷಿಸಿ 1949ರಲ್ಲಿ ಬ್ರಿಟನ್ನಿನ ಹೃದ್ರೋಗ ಪತ್ರಿಕೆಯಲ್ಲಿ ಪ್ರಕಟಿಸಿದರು; 1957ರಲ್ಲಿ ಅಮೆರಿಕದ ಲಾಸ್ಕರ್ ಪ್ರಶಸ್ತಿ ಅವರಿಗೆ ಸಂದಿತು. ನಮ್ಮ ಪಶ್ಚಿಮ ಘಟ್ಟದ ಕಾಡುಗಳಲ್ಲೂ ಬೆಳೆಯುವ ಗಿಡವೊಂದು ಇಲ್ಲಿಂದ ಜಗತ್ತಿನ ವೈದ್ಯಶಾಸ್ತ್ರವನ್ನು ಮುಟ್ಟಿತು. ಮದ್ದು ಹುಡುಕುವುದರಲ್ಲಿ ಮುಂದಿದ್ದ ನಗರವು ಕಾರಣ ಹುಡುಕುವುದರಲ್ಲಿ ಹಿಂದುಳಿಯಬೇಕೇ?

ಆಕ್ಷೇಪಗಳು

ಈ ವಾದಕ್ಕೆ ಇದಿರು ಮಾತುಗಳು ಇಲ್ಲದಿಲ್ಲ. ಅವು ಹಗುರವಾದವುಗಳೂ ಅಲ್ಲ.

"ನಮ್ಮ ಜನಕ್ಕೆ ರಕ್ತದೊತ್ತಡವಿದೆಯೆಂಬುದೇ ತಿಳಿದಿಲ್ಲ, ತಿಳಿದವರು ಮಾತ್ರೆ ತಿನ್ನುವುದಿಲ್ಲ, ಹೀಗಿರುವಾಗ ಹಾರ್ಮೋನಿನ ಮಾತೇಕೆ?" ಎಂಬುದು ಮೊದಲ ಆಕ್ಷೇಪ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದಲ್ಲಿ 15 ವರ್ಷ ಮೀರಿದ ಗಂಡಸರಲ್ಲಿ ಶೇಕಡಾ 24, ಹೆಂಗಸರಲ್ಲಿ ಶೇಕಡಾ 21 ಮಂದಿಗೆ ರಕ್ತದೊತ್ತಡವಿದೆ. ನಸುಕಿಗೆ ಹೋಟೆಲಿನ ಒಲೆಯ ಮುಂದೆ ನಿಂತು ರಾತ್ರಿ ಬಾಗಿಲು ಹಾಕುವವರೆಗೆ ದುಡಿಯುವ ನಮ್ಮ ಸೋದರನಿಗೆ, ಲೋಕಲ್ ಗಾಡಿಯಲ್ಲಿ ನೇತಾಡುತ್ತ ದಿನಕ್ಕೆ ಮೂರು ಗಂಟೆ ಕಳೆಯುವ ಗುಮಾಸ್ತನಿಗೆ, ವೈದ್ಯರ ಬಾಗಿಲಲ್ಲಿ ಕಾಯುವ ವೇಳೆಯೆಲ್ಲಿ? ಊರಿನ ಕೋಲ, ಜಾತ್ರೆ, ಮದುವೆಗೆಂದು ಹೊರಟಾಗ ಮಾತ್ರೆಯ ಚೀಟಿ ಮುಂಬಯಿಯಲ್ಲೇ ಉಳಿಯುವುದೂ ಉಂಟು. ಈ ಆಕ್ಷೇಪ ಒಪ್ಪತಕ್ಕದ್ದೇ. ಅಳೆಯುವುದು ಮತ್ತು ಮಾತ್ರೆಯನ್ನು ತಪ್ಪದೆ ತಿನ್ನುವುದು ಮೊದಲ ಮೆಟ್ಟಲು. ಅದನ್ನು ಬಿಟ್ಟು ಎರಡನೆಯದಕ್ಕೆ ಹಾರಲಾಗದು. ಆದರೆ ಮೊದಲ ಮೆಟ್ಟಲಿನಲ್ಲಿ ಪ್ರಾಮಾಣಿಕವಾಗಿ ನಿಂತಿದ್ದೂ ಒತ್ತಡ ಇಳಿಯದವರನ್ನು "ನೀವು ಪಥ್ಯ ಮಾಡುತ್ತಿಲ್ಲ" ಎಂದು ಗದರಿಸಿ ಕಳುಹಿಸುವುದು ಅನ್ಯಾಯ. ತಪ್ಪು ರೋಗಿಯದಲ್ಲ, ಗ್ರಂಥಿಯದಿರಬಹುದು.

ವೆಚ್ಚ ಎರಡನೆಯ ಆಕ್ಷೇಪ. ಆಲ್ಡೊಸ್ಟಿರೋನ್–ರೆನಿನ್ ಪರೀಕ್ಷೆಗೆ ಸಾಮಾನ್ಯ ರಕ್ತಪರೀಕ್ಷೆಗಿಂತ ಹಲವು ಪಟ್ಟು ಹಣ ತೆರಬೇಕು. ಅನುಪಾತ ಹೆಚ್ಚಿದೆಯೆಂದು ಬಂದರೆ ಅಲ್ಲಿಗೆ ಮುಗಿಯುವುದೂ ಇಲ್ಲ. ಖಚಿತಪಡಿಸುವ ಪರೀಕ್ಷೆ, ಸಿ.ಟಿ. ಸ್ಕ್ಯಾನ್, ಶಸ್ತ್ರಚಿಕಿತ್ಸೆಗೆ ಮೊದಲು ಎರಡೂ ಗ್ರಂಥಿಗಳ ರಕ್ತನಾಳಗಳಿಂದ ರಕ್ತ ತೆಗೆದು ಹೋಲಿಸುವ ಕುಶಲ ಪರೀಕ್ಷೆ, ಇವೆಲ್ಲ ಬೇಕಾಗಬಹುದು. ಕೊನೆಯದು ದೇಶದ ಕೆಲವೇ ಆಸ್ಪತ್ರೆಗಳಲ್ಲಿ ನಡೆಯುತ್ತದೆ. ಆದರೂ ಜೀವನವಿಡೀ ತಿನ್ನುವ ನಾಲ್ಕು ಬಗೆಯ ಮಾತ್ರೆಗಳ ಹಣವನ್ನೂ, ದುಡಿಯುವ ಒಬ್ಬನೇ ಒಬ್ಬ ಐವತ್ತರ ಒಳಗೆ ಪಾರ್ಶ್ವವಾಯುವಿಗೆ ಸಿಕ್ಕಿ ಸಂಸಾರವೇ ಕೋಣೆ ಖಾಲಿ ಮಾಡಿ ಊರಿಗೆ ಮರಳುವ ಬೆಲೆಯನ್ನೂ ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿ ಇಟ್ಟು ನೋಡಬೇಕು. ಮೇಲಾಗಿ ಶಸ್ತ್ರಚಿಕಿತ್ಸೆ ಬೇಡವೆನ್ನುವವರಿಗೆ ಮೊದಲ ಪರೀಕ್ಷೆಯ ಆಧಾರದ ಮೇಲೆಯೇ ಯೋಗ್ಯ ಮಾತ್ರೆಯನ್ನು ಆರಿಸಿಕೊಡಲು ವೈದ್ಯರಿಗೆ ಸಾಧ್ಯ.

ಮೂರನೆಯದು, ಭೀತಿ. "ಗಡ್ಡೆ" ಎಂದೊಡನೆ ಕ್ಯಾನ್ಸರ್ ಎಂದು ನಡುಗುವವರಿದ್ದಾರೆ. ಆಲ್ಡೊಸ್ಟಿರೋನ್ ಸುರಿಸುವ ಗಡ್ಡೆಗಳು ಬಹುತೇಕ ಯಾವಾಗಲೂ ನಿರಪಾಯದವು. ಇದಕ್ಕೆ ವಿರುದ್ಧವಾದ ದುಡುಕೂ ಸಲ್ಲದು: ರಕ್ತಪರೀಕ್ಷೆಗೆ ಮೊದಲೇ ಸ್ಕ್ಯಾನಿಗೆ ಓಡಬಾರದು. ವಯಸ್ಸಾದವರ ಅಡ್ರಿನಲ್ ಗ್ರಂಥಿಗಳಲ್ಲಿ ಯಾವ ತಂಟೆಯನ್ನೂ ಮಾಡದ ಸಣ್ಣ ಗಂಟುಗಳು ಕಾಣುವುದು ಸಾಮಾನ್ಯ. ಅವು ಸುಮ್ಮನೆ ಗೊಂದಲವೆಬ್ಬಿಸುತ್ತವೆ.

ಯಾರು ಮೊದಲು ಕೇಳಬೇಕು?

2016ರ ಅಂತಾರಾಷ್ಟ್ರೀಯ ಮಾರ್ಗದರ್ಶನವು ಆಯ್ದ ಕೆಲವರಿಗೆ ಮಾತ್ರ ಈ ಪರೀಕ್ಷೆಯನ್ನು ಸೂಚಿಸಿತ್ತು. 2024ರಲ್ಲಿ ಯೂರೋಪಿನ ಹೃದ್ರೋಗ ತಜ್ಞರ ಸಂಸ್ಥೆಯು ರಕ್ತದೊತ್ತಡ ಖಚಿತವಾದ ಎಲ್ಲ ವಯಸ್ಕರಿಗೂ ಇದನ್ನು ಪರಿಗಣಿಸಬೇಕೆಂದಿತು. 2025ರಲ್ಲಿ ಅಮೆರಿಕದ ಎಂಡೋಕ್ರೈನ್ ಸೊಸೈಟಿಯೂ ರಕ್ತದೊತ್ತಡವುಳ್ಳ ಎಲ್ಲರಿಗೂ ಪರೀಕ್ಷೆಯನ್ನು ಸೂಚಿಸಿತು. ಅನುಕೂಲವಿದ್ದವರು ಇದನ್ನು ಅನುಸರಿಸಲಿ. ಅನುಕೂಲ ಕಡಿಮೆಯಿರುವ ನಮ್ಮಲ್ಲಿ ಸರದಿ ಹೀಗಿರಬೇಕೆಂದು ನನ್ನ ಅಭಿಪ್ರಾಯ:

1. ಮೂತ್ರ ಹೆಚ್ಚಿಸುವ ಮಾತ್ರೆಯೂ ಸೇರಿ ಮೂರು ಬಗೆಯ ಔಷಧ ತಪ್ಪದೆ ತಿಂದರೂ ಒತ್ತಡ 140/90ರ ಕೆಳಗೆ ಇಳಿಯದವರು; ನಾಲ್ಕು ಔಷಧ ಬೇಕಾದವರು.

2. ರಕ್ತದಲ್ಲಿ ಪೊಟ್ಯಾಸಿಯಂ ಕಡಿಮೆಯಾದವರು. ಕಾರಣವಿಲ್ಲದೆ ಕಾಲು ಸೆಡೆಯುವವರು, ನಿಶ್ಶಕ್ತಿಯುಳ್ಳವರು ಮೊದಲು ಪೊಟ್ಯಾಸಿಯಂ ಪರೀಕ್ಷೆಯನ್ನಾದರೂ ಮಾಡಿಸಿಕೊಳ್ಳಲಿ.

3. ಎಳೆಯ ಪ್ರಾಯದಲ್ಲೇ ರಕ್ತದೊತ್ತಡ ಬಂದವರು. ಮನೆತನದಲ್ಲಿ ನಲವತ್ತರ ಒಳಗೆ ಪಾರ್ಶ್ವವಾಯು ಬಡಿದ ಉದಾಹರಣೆಯಿರುವವರು. ಈ ರೋಗ ಪತ್ತೆಯಾದವರ ಒಡಹುಟ್ಟಿದವರು, ಮಕ್ಕಳು.

4. ಬೇರೆ ಕಾರಣಕ್ಕೆ ಮಾಡಿದ ಸ್ಕ್ಯಾನಿನಲ್ಲಿ ಅಡ್ರಿನಲ್ ಗಂಟು ಕಂಡವರು. ಗೊರಕೆ ಹೊಡೆಯುತ್ತ ನಿದ್ರೆಯಲ್ಲಿ ಉಸಿರು ಕಟ್ಟುವವರು.

ಪರೀಕ್ಷೆಗೆ ಬೆಳಗಿನ ಹೊತ್ತು ಒಳ್ಳೆಯದು. ಎದ್ದು ಎರಡು ಗಂಟೆ ಓಡಾಡಿದ ಮೇಲೆ ಕುಳಿತು ರಕ್ತ ಕೊಡಬೇಕು. ತಿನ್ನುತ್ತಿರುವ ಮಾತ್ರೆಗಳು ಫಲಿತಾಂಶವನ್ನು ಬದಲಿಸಬಲ್ಲವಾದ್ದರಿಂದ ಅವುಗಳ ಪಟ್ಟಿಯನ್ನು ವೈದ್ಯರಿಗೆ ತೋರಿಸಬೇಕು. ಆದರೆ ಪರೀಕ್ಷೆಗೆಂದು ಸ್ವಂತ ಬುದ್ಧಿಯಿಂದ ಮಾತ್ರೆ ನಿಲ್ಲಿಸುವುದು ಪ್ರಾಣಕ್ಕೇ ಎರವಾದೀತು.

ನಮ್ಮ ಸಂಘಗಳು ಮಾಡಬಹುದಾದದ್ದು

ಶಿಬಿರದ ಚೀಟಿ ಅಂದೇ ಸಂಜೆ ಕಸದ ಬುಟ್ಟಿ ಸೇರುವಂತಾಗಬಾರದು. ಪ್ರತಿಯೊಬ್ಬ ಸದಸ್ಯನಿಗೂ ಒಂದು ಆರೋಗ್ಯ ಕಾರ್ಡು ಮಾಡಿಕೊಟ್ಟು, ಪ್ರತಿ ಸಲದ ಒತ್ತಡ, ಮಾತ್ರೆಗಳ ಹೆಸರು, ಪೊಟ್ಯಾಸಿಯಂ ಪ್ರಮಾಣ ಇವನ್ನು ಬರೆದಿಡಬೇಕು. ಮೂರು ಮಾತ್ರೆಗಳ ಮೇಲೂ ಒತ್ತಡ ಇಳಿಯದವರ ಪಟ್ಟಿ ತಾನಾಗಿಯೇ ಸಿದ್ಧವಾಗುತ್ತದೆ. ಬಹುಶಃ ಒಂದು ಸಂಘದಲ್ಲಿ ಅಂಥವರು ಹತ್ತಿಪ್ಪತ್ತು ಮಂದಿ. ಅವರ ಪರೀಕ್ಷೆಗೆ ವೈದ್ಯಕೀಯ ನಿಧಿಯಿಂದ ಅರ್ಧ ಹಣವನ್ನಾದರೂ ಕೊಡಬಹುದು. ಸನ್ಮಾನದ ಶಾಲು–ಹಾರಗಳ ಖರ್ಚನ್ನು ತುಸು ಹಿಡಿದರೆ ಇದು ದೊಡ್ಡ ಮಾತಲ್ಲ. ಕಳವಾದ ಛತ್ರಪತಿ ಶಿವಾಜಿ ಮಹಾರಾಜ ಆಸ್ಪತ್ರೆ, ಕಲ್ಯಾಣದ ರುಕ್ಮಿಣಿಬಾಯಿ ಆಸ್ಪತ್ರೆ, ಡೊಂಬಿವಲಿಯ ಶಾಸ್ತ್ರಿನಗರ ಆಸ್ಪತ್ರೆ, ವಾಶಿಯ ಮಹಾನಗರಪಾಲಿಕೆಯ ಆಸ್ಪತ್ರೆ, ಇವು ನಮ್ಮ ನಮ್ಮ ಉಪನಗರಗಳಲ್ಲೇ ಇವೆ. ಹಾರ್ಮೋನು ರೋಗಗಳಿಗೆಂದೇ ಪ್ರತ್ಯೇಕ ವಿಭಾಗವುಳ್ಳ ಕೆ.ಇ.ಎಂ. ಆಸ್ಪತ್ರೆ ಪರೇಲಿನಲ್ಲಿದೆ. ಭಾಷೆ ಬಾರದ, ದಾರಿ ತಿಳಿಯದ ಹೊಸಬರನ್ನು ಜೊತೆಯಲ್ಲಿ ಕರೆದೊಯ್ಯುವ ಇಬ್ಬರು ಕಾರ್ಯಕರ್ತರಿದ್ದರೆ ಅರ್ಧ ಕೆಲಸವಾದಂತೆಯೇ.

ಉಪ್ಪಿನ ಮಾತನ್ನು ಬಿಡುವಂತಿಲ್ಲ. ದಿನಕ್ಕೆ ಐದು ಗ್ರಾಮಿಗಿಂತ, ಅಂದರೆ ಒಂದು ಚಹಾ ಚಮಚಕ್ಕಿಂತ, ಕಡಿಮೆ ಉಪ್ಪೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಊರಿನಿಂದ ಬರುವ ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಒಣಮೀನು, ಉಪ್ಪಿನಲ್ಲಿ ಹಾಕಿದ ಹಲಸಿನ ತೊಳೆ ಇವೆಲ್ಲ ನಮಗೆ ಊರಿನ ನೆನಪಿನ ಬುತ್ತಿ. ಪೂರ್ತಿ ಬಿಡಿರೆಂದು ಹೇಳುವುದು ಕಠಿಣ. ಆದರೆ ಆಲ್ಡೊಸ್ಟಿರೋನ್ ಹೆಚ್ಚಿದವರಲ್ಲಿ ತಿಂದ ಪ್ರತಿ ಚಿಟಿಕೆ ಉಪ್ಪೂ ದುಪ್ಪಟ್ಟು ಕೇಡು ಮಾಡುವುದರಿಂದ, ಅವು ನಿತ್ಯದ ತಟ್ಟೆಯಿಂದ ಹಬ್ಬದ ಎಲೆಗೆ ಸರಿಯಲಿ.

ಮುಂದಿನ ಶಿಬಿರದಲ್ಲಿ ಅಂಕೆ ಹೆಚ್ಚೆಂದು ಹೇಳಿಸಿಕೊಂಡವರು, ವರುಷಗಳಿಂದ ಮಾತ್ರೆ ತಿಂದೂ ಸೋತವರು, ತಮ್ಮ ವೈದ್ಯರ ಮುಂದೆ ಕುಳಿತು ವಿನಯದಿಂದ ಒಂದೇ ಒಂದು ಮಾತು ಕೇಳಲಿ: "ಡಾಕ್ಟರೇ, ನನ್ನ ಆಲ್ಡೊಸ್ಟಿರೋನ್ ಮತ್ತು ರೆನಿನ್ ಒಮ್ಮೆ ನೋಡಿಸಬಹುದೇ?" ನೂರರಲ್ಲಿ ತೊಂಬತ್ತು ಸಲ ಉತ್ತರ "ಏನೂ ಇಲ್ಲ" ಎಂದೇ ಬರಬಹುದು, ಆ ನೆಮ್ಮದಿಗೂ ಬೆಲೆಯಿದೆ. ಉಳಿದ ಕೆಲವರ ಪಾಲಿಗೆ ಆ ಒಂದು ಪ್ರಶ್ನೆ, ಊರುಗೋಲಿನ ಮೇಲಿನ ಬಾಳಿಗೂ ತನ್ನ ಕಾಲ ಮೇಲಿನ ಬಾಳಿಗೂ ನಡುವಣ ಅಂತರವಾದೀತು.